ಸೋಮವಾರ ರಾತ್ರಿ ಎರಡು ಗಂಟೆ

ಮಂಡ್ಯದ ನೂರಡಿ ರಸ್ತೆ, ಮೊದಲ ಮಹಡಿ.
ಟೇಬಲ್ಲಿನ ಮೇಲೆ ನೀರುಗಂಟಿ ಕರಿಸಿದ್ದಯ್ಯನವರ
ಹನ್ನೊಂದು ಪುಸ್ತಕ. ಎಂಟನೇ ತೂಬಿನ ಮಟ್ಟ, ಅಡಿ, ಅಂಗುಲ,
ಹಾಳೆಯ ಮೂಲೆಯಲ್ಲಿ ಎಲೆಅಡಿಕೆಯ ಕೆಂಪು ಹೆಬ್ಬೆಟ್ಟು.

ಆರು ವಾರದಿಂದ ಟೈಪು ಮಾಡುತ್ತಿದ್ದೇನೆ.
ಆರ್ ಅಂತ ಒಂದೇ ಅಕ್ಷರದ ಹೆಸರಿನ ಭಾಷೆ
ಇಷ್ಟನ್ನೂ ಹೊತ್ತಿನ ಪ್ರಕಾರ ಜೋಡಿಸಿ ಕೊಡಬೇಕು.
ನಾಲೆಯ ಕೊನೆಯ ಊರಿನವರು ಕೇಳಿದ್ದಾರೆ:
ಗುರುವಾರ ರಾತ್ರಿ ನಮ್ಮ ಕಟ್ಟು,
ತೂಬು ಎತ್ತಿದ್ದರೋ ಇಲ್ಲವೋ, ಅಷ್ಟು ಹೇಳಿ ಸಾಕು.

ಜೋಡಿಸು ಅಂದೆ.
ಅಕ್ಟೋಬರನ್ನು ತಂದು ಮುಂದಿನ ಬೆಂಚಿಗೆ ಕೂರಿಸಿತು.
ಪಕ್ಕದಲ್ಲಿ ಆಗಸ್ಟು, ಆಮೇಲೆ ಏಪ್ರಿಲ್, ಜನವರಿ,
ಒಂದನೇ ಕ್ಲಾಸಿನ ಮಗು ಅ ಆ ಒಪ್ಪಿಸಿದ ಹಾಗೆ.
ಜುಲೈ ಮುಗಿದ ಮೇಲೆ ಜೂನು!
ನಾಟಿ ಹಾಕಿ ಬಂದು ಒಟ್ಲಿಗೆ ಬೀಜ ಚೆಲ್ಲಿದಂತೆ.
ಒಂದು ಗಂಟೆಯ ಬೆನ್ನಿಗೇ ಹತ್ತು, ಹನ್ನೊಂದು, ಹನ್ನೆರಡು,
ಎರಡು ಎಲ್ಲೋ ಹಿಂದೆ ಬಾಯಿ ಬಿಟ್ಟುಕೊಂಡು ನಿಂತಿತ್ತು.

ತಪ್ಪು ಅದರದಲ್ಲ.
ಇದು ಬರೀ ಬರಹವಲ್ಲ, ಹೊತ್ತು
ಅಂತ ನಾನು ಹೇಳಿಯೇ ಇರಲಿಲ್ಲ.

ಹೇಳಿದೆ. ದಿನ ಇದು, ತಿಂಗಳು ಇದು, ಗಂಟೆ ಇದು.
ಊರು ಕೋಲ್ಕತ್ತ ಅಂತ ಬೇರೆ ಹೇಳಬೇಕು,
ಮಂಡ್ಯ ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ.
ಮರೆತರೆ ನಮ್ಮ ಬೆಳಗಿನ ಐದೂವರೆ
ಹೋಗಿ ಯಾರದೋ ನಡುರಾತ್ರಿಗೆ ಬೀಳುತ್ತದೆ.
‘ಫ್ಯಾಕ್ಟ್ರಿ ಸೈರನ್ನು ಕೂಗಿದಾಗ’, ‘ಡೈರಿಗೆ ಹಾಲು ಹೋಗೋ ಹೊತ್ತು’
ಇವಕ್ಕೆಲ್ಲ ಅಂಕಿ ಹುಡುಕುವುದರಲ್ಲಿ ಒಂದು ಇಡೀ ಶನಿವಾರ ಹೋಯಿತು.

ಈಗ ಸಾಲು ನೆಟ್ಟಗಿದೆ. ನೀರು ಮಾತ್ರ ಸೊಟ್ಟ.
ತೂಬು ಎತ್ತಿದ್ದು ಸೋಮವಾರ ಸಂಜೆ ಆರಕ್ಕೆ,
‘ಸೋಮವಾರ ರಾತ್ರಿ 2, ಎರಡಡಿ ನಾಲ್ಕಂಗುಲ’
ಅದಕ್ಕೂ ಹದಿನಾರು ಗಂಟೆ ಮುಂಚೆಯೇ ಬಂದು ಕೂತಿದೆ.
ಬಾಗಿಲು ತೆಗೆಯದೆ ಒಳಗೆ ಬಂದ ನೀರು ಇದು ಯಾವುದು?

ಫೋನು ಮಾಡಿದೆ. ಆ ಕಡೆ ಒಗ್ಗರಣೆಯ ಸದ್ದು.
“ಎಲ್ಡು ಗಂಟೆ ರಾತ್ರಿ ಅಂದ್ರೆ ಸ್ವಾಮಾರದ ರಾತ್ರೀಯೇ ಕಣವ್ವ.
ನಾನಿನ್ನೂ ಮನಗೇ ಇಲ್ಲ, ಮಂಗ್ಳಾರ ಎಲ್ಲಿಂದ ಬಂದದು?
ಕೋಳಿ ಕೂಗ್ಲಿ, ಆಮೇಕೆ ನೋಡನ.”

ಒಂದು ಸಾಲು ಸೇರಿಸಿದೆ:
ರಾತ್ರಿ ಅಂತ ಬರೆದು, ಕೋಳಿ ಇನ್ನೂ ಕೂಗಿರದಿದ್ದರೆ
ದಿನಕ್ಕೆ ಒಂದು ಕೂಡು.
ಮುನ್ನೂರ ನಲವತ್ತೊಂದು ರಾತ್ರಿಗಳು
ಒಟ್ಟಿಗೇ ಮಗ್ಗುಲು ಬದಲಿಸಿದವು.
ತೂಬು ಎದ್ದ ಮೇಲೆ ನೀರು ಏರಿತು, ಇಳಿಸಿದ ಮೇಲೆ ಇಳಿಯಿತು.
ಎದ್ದು ಹೋಗಿ ಕೆಳಗಿನ ಅಂಗಡಿಯಲ್ಲಿ ಟೀ ಕುಡಿದು ಬಂದೆ.

ಬಂದು ನೋಡಿದರೆ ಹಾಳೆಯ ತಳದಲ್ಲಿ ಒಂಬತ್ತು ಸಾಲು.
ದಿನ ಇದೆ, ಗಂಟೆ ಇಲ್ಲ, ಮಟ್ಟ ಇಲ್ಲ.
ಬರೆಯದ್ದನ್ನೆಲ್ಲ ಕೊನೆಗೆ ತಳ್ಳುವುದು ಈ ಭಾಷೆಯ ಹುಟ್ಟುಗುಣ,
ಯಾರೂ ಹೇಳಿಕೊಡಬೇಕಿಲ್ಲ.
ಒಂದಕ್ಕೆ ಅಂಚಿನಲ್ಲಿ ಕಾರಣ ಉಂಟು: ‘ಅವ್ವ ತೀರ್ಕೊಂಡ್ಳು.’
ಇನ್ನೊಂದಕ್ಕೆ: ‘ಟಾರ್ಚು ಕೆಟ್ಟೋಯ್ತು.’
ಉಳಿದ ಏಳೂ ಗುರುವಾರ.

ಮತ್ತೆ ಫೋನು. ಒಗ್ಗರಣೆ ನಿಂತಿತ್ತು.
“ಅವತ್ತು… ಪೆನ್ನು ಇರ್ನಿಲ್ಲ ಕಣವ್ವ.”
ಏಳು ಗುರುವಾರವೂ ಅಯ್ಯಾ?
ಕೆಮ್ಮಿದರು. ಮೊಮ್ಮಗುವನ್ನು ಏನೋ ಗದರಿದರು.
ನಾನೂ ಇನ್ನೇನು ಕೇಳಲಿ, ಇಟ್ಟೆ.

ಜೋಡಿಸುವ ಆ ಸಾಲಿನೊಳಗೆ ಒಂದು ಚಿಲಕವಿದೆ.
ಖಾಲಿ ಇದ್ದದ್ದು ಕೊನೆಗೆ? ನಿಜ, ಅಂತ ಅದರ ಉತ್ತರ.
ನಿಜ ಇದ್ದ ಜಾಗದಲ್ಲಿ ಸುಳ್ಳು ಅಂತ ಬರೆದೆ.
ಪ್ರಿಂಟರು ಗೊರಗೊರ ಅಂದು ಮೊದಲ ಹಾಳೆ ಕಕ್ಕಿತು,
ತಲೆಯ ಮೇಲೆ
ಏನೂ ಇಲ್ಲದ ಏಳು ಗುರುವಾರ.