ಎತ್ತಿದ ಕೈ

ರುಸ್ತಾವಿಯಲ್ಲಿ, ನಮ್ಮ ಬ್ಲಾಕಿನ ಹಿಂದೆ,
ತಗಡಿನ ಗ್ಯಾರೇಜುಗಳ ಸಾಲಿನ ಕೊನೆಗೆ
ಹಿಪ್ಪುನೇರಳೆ ಮರದ ಕೆಳಗೆ
ನಮ್ಮ ಕಡುನೀಲಿ ಒಪೆಲ್ ತೊಳೆದೆವು,
ಬಿಸಿಲೇರುವ ಮೊದಲೇ.
ಎರಡು ಬಕೆಟ್ಟು: ಒಂದರಲ್ಲಿ ನೊರೆ, ಒಂದರಲ್ಲಿ ಬರಿ ನೀರು.
"ಬಟ್ಟೆಯನ್ನು ಇದರಲ್ಲಿ ಜಾಲಿಸದೆ ಅದರಲ್ಲಿ ಅದ್ದಬೇಡ"
ಅಂದ ಜಾಬಾ. ಹದಿನೇಳು ಅವನಿಗೆ.
ಎರಡು ಬೇಸಿಗೆ ಹಳೇ ಕಾರಿನ ಸಂತೆಯಲ್ಲಿ ದುಡಿದು
ಹಡಗಿನಲ್ಲಿ ಬಂದ ನಜ್ಜುಗುಜ್ಜುಗಳಿಗೆಲ್ಲ
ಮದುವಣಗಿತ್ತಿಯ ಮುಖ ಬರೆದವನು.

ಇಪ್ಪತ್ತಾರು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ
ಕ್ರೇನು ನಡೆಸಿದವನು ನಾನು.
ಕಬ್ಬಿಣ ಗೊತ್ತು. ಅದರ ಚರ್ಮ ಗೊತ್ತಿರಲಿಲ್ಲ.

ಪ್ಲಾಸ್ಟಿಕ್ ಚೀಲದೊಳಗೆ ಬೆರಳು ತೂರಿಸಿ
ಬಾನೆಟ್ಟು ಸವರಿ ನೋಡು ಅಂದ.
ನುಣುಪೆಂದುಕೊಂಡದ್ದು ರವೆ ಚೆಲ್ಲಿದ ಹಾಗೆ ತರತರ:
ರೈಲಿನ ಧೂಳು, ಚಿಮಣಿಯ ಮಸಿ,
ನಾನೇ ಎಂದೋ ಎತ್ತಿ ಇಳಿಸಿದ ಕಂಬಿಯ ಪುಡಿಯೂ ಇದ್ದೀತು.
ಜೇಡಿಯುಂಡೆ ಹಿಚುಕಿ, ನೀರು ಚಿಮುಕಿಸಿ ಎಳೆದೆವು.
ಉಂಡೆ ಕಪ್ಪಾಯಿತು.

ಆಮೇಲೆ ಕಾರನ್ನು ಒಳಗೆ ತಳ್ಳಿ, ಕದ ಮುಚ್ಚಿ,
ಟಾರ್ಚು ಹಿಡಿದ, ಓರೆಯಾಗಿ.

ಕಂಡವು.
ಬಾಗಿಲ ತುಂಬ ಅರೆಚಂದ್ರಗಳು, ಸುತ್ತಿನ ಮೇಲೆ ಸುತ್ತು,
ಬಿಡುವಿಲ್ಲದೆ ದುಡಿದ ಪುಟ್ಟ ತೋಳೊಂದರ ಗುರುತು,
ಕಿಟಕಿಯ ಕೆಳಗಿನವರೆಗೆ ಏರಿ, ಅಲ್ಲಿಗೇ ನಿಂತು.
ಮೇಲೆ ಒಂದು ಗೀರಿಲ್ಲ.
ಆರು ವರ್ಷದ ಕೈ ಎಟುಕುವುದು ಅಷ್ಟೇ.

ಅಂದು ನನ್ನ ಹುಟ್ಟುಹಬ್ಬ.
ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಉಕ್ಕಿನ ನಾರು ಕದ್ದು
ಕಾರಿನ ಸುತ್ತ ಉಜ್ಜಿ, ಮೊಣಕೈವರೆಗೆ ನೊರೆಯಾಗಿ
"ಈಗ ಕಣ್ಣು ಬಿಡು ಅಪ್ಪಾ" ಅಂದಿದ್ದ.
ಬಿಟ್ಟೆ.
ಬಾಲ್ಕನಿಯಿಂದ ನಾತೆಲಾ ಕೂಗುವಷ್ಟರಲ್ಲಿ
ಏಟು ಬಿದ್ದಾಗಿತ್ತು.

ಹನ್ನೊಂದು ವರ್ಷ ಆ ಮಾತು ಯಾರೂ ತೆಗೆಯಲಿಲ್ಲ.
ಈ ಕೆಲಸದಲ್ಲಿ ಜಾಬಾ ಎತ್ತಿದ ಕೈ
ಅನ್ನುತ್ತಾರೆ ಸಂತೆಯಲ್ಲಿ.
ನಾನು ಎತ್ತಿದ ಕೈ ಬೇರೆ.

ಮೊದಲು ಒಂದು ಮೊಳದ ಚೌಕ ಮಾತ್ರ.
ಪ್ಯಾಡಿಗೆ ನಾಲ್ಕು ಹನಿ ಪಾಲಿಶು, ಕಡಲೆಕಾಳಿನಷ್ಟು.
ಯಂತ್ರ ಗುಂಯ್ ಅಂದಿತು. ಒತ್ತಿದೆ.
"ಒತ್ತಬೇಡ. ಅದರ ಭಾರವೇ ಸಾಕು."
ಮತ್ತೆ ಒತ್ತಿದೆನೇನೋ,
ಅವನ ಕೈ ಬಂದು ನನ್ನ ಕೈ ಮೇಲೆ ಕೂತಿತು,
ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ,
ಉಳುವವನ ನಿಧಾನದಲ್ಲಿ ನಡೆಸಿತು.

"ಇದು ಹಚ್ಚುವ ಕೆಲಸ ಅಲ್ಲಪ್ಪ, ತೆಗೆಯೋದು.
ಗೀರು ಎಷ್ಟು ಆಳವೋ ಅಷ್ಟರತನಕ
ಸುತ್ತಲಿನ ಒಳ್ಳೇ ಪದರವೂ ಇಳಿದು ಬರಬೇಕು.
ಅತಿಯಾದರೆ ತಗಡೇ ಕಾಣುತ್ತೆ."
ಅದನ್ನು ಇನ್ನೊಮ್ಮೆ ಹೇಳಿಸಿದೆ,
ಸದ್ದಿನಲ್ಲಿ ಕೇಳಿಸಲಿಲ್ಲವೆಂದು.

ಮಧ್ಯಾಹ್ನ ದಾಟಿತು. ಬೆನ್ನು ಬಿಟ್ಟುಹೋಯಿತು.
ಪಕ್ಕದ ಗ್ಯಾರೇಜಿನ ಓತಾರ್ ಬಂದು
ಬಾಗಿಲಲ್ಲೇ ಮೀಸೆ ತಿದ್ದಿಕೊಂಡು ಹೋದ.
ಹಿಂಬಾಗಿಲಲ್ಲಿ ನಾಲ್ಕೈದು ಗೀರು ಮಾತ್ರ ಜಗ್ಗಲಿಲ್ಲ.
ಜಾಬಾ ಉಗುರಾಡಿಸಿದ. ಸಿಕ್ಕಿಕೊಂಡಿತು.
"ಉಗುರಿಗೆ ಸಿಕ್ಕರೆ ಬಿಟ್ಟುಬಿಡಬೇಕು" ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಅಲ್ಲಿ ಹಕ್ಕಿ ಹಿಕ್ಕೆ ಒಣಗಿತ್ತು,
ಅದಕ್ಕೇ ಜೋರಾಗಿ ಉಜ್ಜಿದ್ದೆ."

ಹನ್ನೊಂದು ವರ್ಷದ ಮಾತು ಗಂಟಲಿಗೆ ಬಂದು ಕೂತಿತು.
ನುಂಗಲೂ ಇಲ್ಲ, ಉಗುಳಲೂ ಇಲ್ಲ,
ಕಾರನ್ನು ಹೊರಗೆ ತಳ್ಳಿದೆ.

ನೀಲಿಯೊಳಗೆ ಇಡೀ ಮರ, ಬಟ್ಟೆ ಒಣಹಾಕಿದ ಬಾಲ್ಕನಿಗಳು,
ನಮ್ಮಿಬ್ಬರ ಉದ್ದ ಮುಖ.
ಟಪ್.
ಬಾನೆಟ್ಟಿನ ನಟ್ಟನಡುವೆ ಒಂದು ನೇರಳೆ ಹಣ್ಣು,
ಮಾಗಿ ಒಡೆದದ್ದು.
ಅವನು ಅಂಗಿಯ ತೋಳೆಳೆದುಕೊಂಡು ಮುಂದಾದ.
"ಒಣಬಟ್ಟೆ ಬೇಡ" ಅಂದೆ,
"ತಡಿ, ನೀರು ತರ್ತೀನಿ. ಮೊದಲು ನೆನೀಲಿ."