ಹೊಸ್ತಿಲಲ್ಲಿ ಮಾತು

ಪುಣೆಯ ರಾಸ್ತಾ ಪೇಠೆ, ಸೈಕಲ್ ಅಂಗಡಿಯ ಮೇಲಿನ ವಾಚನಾಲಯ.
ಅಲ್ಲಿ ಒಂದೇ ಕಂಪ್ಯೂಟರ್, ಅದಕ್ಕೆ ಮೂರು ಹೆಸರು:
ವತ್ಸಲಾಬಾಯಿ, ಲೆಕ್ಕಪತ್ರ, ವಾಚಕರು.
ಯಾವುದನ್ನು ಒತ್ತಿದರೆ ಅವರ ಲೋಕ ತೆರೆಯುತ್ತದೆ,
ಪಕ್ಕದವರದು ಪಕ್ಕದಲ್ಲೇ ಕದ ಹಾಕಿಕೊಂಡಿರುತ್ತದೆ.

ಹೋದ ತಿಂಗಳು ನಾನೇ ಹಾಕಿಕೊಟ್ಟಿದ್ದೆ,
ಪರದೆ ಓದಿ ಹೇಳುವ ತಂತ್ರಾಂಶ.
ಕನ್ನಡದ ದನಿಯೊಂದು, ಮರಾಠಿಯದೊಂದು.
ಹಾಕುವಾಗ ಅದು ಕೇಳಿತ್ತು:
ನಿನಗೆ ಮಾತ್ರವೋ,
ಇಲ್ಲಿ ಬಂದು ಕೂರುವ ಎಲ್ಲರಿಗೋ?
ಕೆಳಗೆ ನನ್ನ ಸ್ಕೂಟರಿನ ಸುತ್ತ ಟೋಯಿಂಗ್ ಗಾಡಿಯವನ ಸೀಟಿ.
ಮೊದಲಿನದಕ್ಕೇ ಗುರುತು ಇತ್ತು.
ಹೂಂ ಅಂದು ಇಳಿದುಬಿಟ್ಟೆ.

ಗುರುವಾರ ಬಂದರು ಮಾರ್ತಂಡಪ್ಪ ಕಂಟೀಕರ.
ಭಾಲ್ಕಿ ಕಡೆಯವರು. ಹುಟ್ಟಿನಿಂದ ಕಣ್ಣಿಲ್ಲ.
ನಾನಾ ಪೇಠೆಯಲ್ಲಿ ಮೂವತ್ತು ವರ್ಷ
ಕುರ್ಚಿಗೆ ಬೆತ್ತ ಹೆಣೆದ ಬೆರಳು.
ಮೆಟ್ಟಿಲೆಣಿಸಿ ಹತ್ತಿ, ತಾವೇ ಹೆಣೆದ ಕುರ್ಚಿಯಲ್ಲಿ ಕುಳಿತು,
ಹೆಡ್‌ಫೋನು ಏರಿಸಿ
ಕಾದರು.

ಯಂತ್ರ ಎದ್ದಿತು, ಫ್ಯಾನು ಉಸಿರಾಡಿತು.
ಆಮೇಲೆ ಏನೂ ಇಲ್ಲ.
ಅವರ ಮುಖದ ಮೇಲೆ ಮೂರು ಹೆಸರಿನ ಬೆಳಕು
ಇಪ್ಪತ್ತು ನಿಮಿಷ.
ವತ್ಸಲಾಬಾಯಿ ಓಡಿ ಬಂದು 'ವಾಚಕರು' ಒತ್ತಿಕೊಟ್ಟರು.
ಆಗಲೂ ಇಲ್ಲ.
ಎರಡೂ ದನಿ ಬಾಯಿಯವರ ಬೀಗದ ಹಿಂದೆ,
ಅವರು ಒಮ್ಮೆಯೂ ಒತ್ತದ ಸಣ್ಣ ಚಿತ್ರವಾಗಿ
ಮೂಲೆಯಲ್ಲಿ ಕುಳಿತಿದ್ದವು.

ಫೋನಿನಲ್ಲಿ ಮಾರ್ತಂಡಪ್ಪ ಬೈಯಲಿಲ್ಲ. ಕೇಳಿದರು:
"ಬಾಗಿಲಾ ಎಲ್ಲದಂತ ಮನಿ ಒಳಗ ಕುಂತು ಹೇಳಿದ್ರ
ಹೊರಗಿನಾಂವಗ ಹ್ಯಾಂಗ ಕೇಳಸ್ತದ, ತಂಗೀ?"

ಶನಿವಾರ ಎಲ್ಲ ಕಿತ್ತು ಮತ್ತೆ ಹಾಕಿದೆ.
ಯಜಮಾನಿಕೆಯ ಪಾಸ್‌ವರ್ಡು
ಕಾಲನಿರ್ಣಯದ ಹಿಂದಿನ ಚೀಟಿಯಲ್ಲಿತ್ತು,
ಪಕ್ಕದಲ್ಲಿ ಹಾಲಿನ ಲೆಕ್ಕ.
ಈ ಸಲ ಪ್ರಶ್ನೆಯನ್ನು ಓದಿದೆ. ಎಲ್ಲರಿಗೂ, ಅಂದೆ.
ಇನ್ನೊಂದು ಚೌಕ ಒಳಪದರದಲ್ಲಿ ಅಡಗಿತ್ತು:
ಒಳಗೆ ಬರುವ ಮೊದಲೇ ಮಾತಾಡಲೇ?
ಅದಕ್ಕೂ ಗುರುತು ಹಾಕಿ, ಆರಿಸಿ, ಹಚ್ಚಿದೆ.

ಹೊಸ್ತಿಲಲ್ಲೇ ದನಿ ಬಂತು:
ವತ್ಸಲಾಬಾಯಿ. ಲೆಕ್ಕಪತ್ರ. ವಾಚಕರು.
ಮಾರ್ತಂಡಪ್ಪನವರ ಬೆರಳು ಮೂರನೆಯದರಲ್ಲಿ ನಿಂತಿತು.
"ಅಲಾ, ಮೂರು ಮಂದಿ ಅದೀವಂತ
ಇವತ್ತ ಗೊತ್ತಾತು ನೋಡ್ರಿ."

ಸೋಮವಾರ ಘೋಲಪರ ಫೋನು. ಲೆಕ್ಕದವರು.
"ಅಹೋ, ಹೇ ಕಾಯ್ ಕೇಲಂತ!"
ತುಂಬಿದ ವಾಚನಾಲಯದಲ್ಲಿ ವಹಿ ತೆರೆದಿದ್ದಾರೆ,
ಯಂತ್ರ ಶುದ್ಧ ಮರಾಠಿಯಲ್ಲಿ ಶುರುಮಾಡಿದೆ:
ಪರಾಂಜಪೆ, ಎರಡು ವರ್ಷದ ಬಾಕಿ, ಆರುನೂರು ರೂಪಾಯಿ.
ಕಿಟಕಿ ಪಕ್ಕದಲ್ಲಿ ಒಂದು ಪತ್ರಿಕೆ
ಮೆಲ್ಲಗೆ ಮೇಲೇರಿ ಮುಖ ಮುಚ್ಚಿತಂತೆ.

ಎಲ್ಲರಿಗೂ ಅಂದರೆ
ಬೇಡದವರಿಗೂ, ಎಂದು ನನಗೆ ಹೊಳೆದದ್ದು ಆಗಲೇ.
ಸುಮ್ಮನಿರಿಸುವ ಕೀಲಿಗಳು ಯಾವುವೆಂದು ಹೇಳಿಕೊಟ್ಟೆ.
ಸಂಜೆ ಮತ್ತೆ ಫೋನು, ದನಿ ಮೆತ್ತಗೆ:
"ಇರಲಿ ಬಿಡಿ. ಪರಾಂಜಪೆ ಕಟ್ಟಿ ಹೋದರು.
ಇನ್ನೂ ಹನ್ನೊಂದು ಜನ ಇದ್ದಾರೆ."

ಮುಂದಿನ ಗುರುವಾರ ನೋಡಲೆಂದೇ ಹೋದೆ.
ಹೆಡ್‌ಫೋನಿನೊಳಗೆ ಮುಗುಳ್ನಗುತ್ತ ಯಾವುದೋ ಪುಸ್ತಕದಲ್ಲಿದ್ದರು.
ನಾನು ಕೂತ ಕುರ್ಚಿಯಲ್ಲಿ ಎಳೆಯೊಂದು ಸಡಿಲ,
ಕಿರ್ ಅಂದಿತು.
ತಿರುಗದೆಯೇ ಹೇಳಿದರು:
"ಆ ಎಡಗಡಿ ಮೂಲಿ. ಮುಂದಿನ ವಾರ ಬಿಗೀತೀನಿ."

ಹೊರಟಾಗ ಕರೆದರು:
"ತಂಗೀ, ಹದಿನಾಲ್ಕನೇ ಮೆಟ್ಟಲ ಮುರದದ.
ನನಗೊಬ್ಬವಗೇ ಗೊತ್ತದ ಅನಸ್ತದ.
ಎಲ್ಲಾರಿಗಿ ಹೇಳ್ರಿ."

ದೀಪವಿಲ್ಲದ ಜೀನೆ.
ಕಣ್ಣು ಮುಚ್ಚಿಯೇ ಇಳಿಯತೊಡಗಿದೆ,
ಒಂದು, ಎರಡು.
ಮೇಲಿನಿಂದಲೋ ಕೆಳಗಿನಿಂದಲೋ ಎಣಿಸುವುದೆಂದು
ಕೇಳಲು ಮರೆತಿದ್ದೆ.