ಹಿಂದೆಮುಂದೆ ನೋಡುವುದು

ಇಪ್ಪತ್ತೆರಡು ವರ್ಷ ತ್ಬಿಲಿಸಿಯಲ್ಲಿ ಟ್ರಾಲಿಬಸ್ಸು ಓಡಿಸಿದ್ದೇನೆ,
ಒಂದು ಗೇಣೂ ಹಿಂದಕ್ಕೆ ಹೋದವಳಲ್ಲ.
ನೆತ್ತಿಯ ಮೇಲೆ ಜೋಡಿ ತಂತಿ, ತಂತಿಗೆ ಕಚ್ಚಿದ ಜೋಡಿ ಕೊಂಬು,
ಕೊನೇ ಸ್ಟಾಪಿನಲ್ಲಿ ಗಾಣದೆತ್ತಿನಂತೆ ಒಂದು ಸುತ್ತು,
ಮತ್ತೆ ಬಂದ ದಾರಿ.
ಕೊಂಬು ಕಳಚಿಕೊಂಡರೆ ಕೈಗವಸು ತೊಟ್ಟು ಇಳಿಯುವುದು,
ಹಗ್ಗ ಜಗ್ಗಿ ಕೂರಿಸುವುದು,
ಹಿಮ ಬೀಳುವಾಗಲೂ, ಏಳು ತಿಂಗಳ ಬಸುರಿಯಿದ್ದಾಗಲೂ.
ಆಮೇಲೊಂದು ಬೇಸಿಗೆ ತಂತಿಯನ್ನೇ ಸುತ್ತಿ
ಲಾರಿಗೆ ಹೇರಿಕೊಂಡು ಹೋದರು.

ಈಗ ಅರವತ್ತೊಂದು. ನನ್ನ ಪಾಲಿಗೆ ಬಂದದ್ದು
ನಾಲ್ಕು ಕೈ ದಾಟಿದ ಜಪಾನಿನ ಕಾರು.
ಅದರ ಸ್ಟೇರಿಂಗು ಬಲಕ್ಕೆ. ನಮ್ಮೂರಿನ ಸಂಚಾರವೂ ಬಲಕ್ಕೇ.
ಹೀಗಾಗಿ ನಾನು ಕೂರುವುದು ಚರಂಡಿಯ ಮಗ್ಗುಲಿಗೆ,
ಎದುರಿಂದ ಬರುವ ಲೋಕವೆಲ್ಲ ಕಾಣುವುದು
ಪಕ್ಕದ ಖಾಲಿ ಸೀಟಿಗೆ.

ಆ ಸೀಟಿನಲ್ಲೀಗ ಕೆಳಮನೆಯ ಗೋಚಾ,
ಗಡ್ಡ ಇನ್ನೂ ಸರಿಯಾಗಿ ಕೂಡದ ಹುಡುಗ,
ಸೂರ್ಯಕಾಂತಿ ಬೀಜ ಸುಲಿಯುತ್ತ ನನಗೆ ಪಾಠ ಹೇಳುತ್ತಾನೆ:
‘ಮುಂದಕ್ಕೆ ಯಾವ ಕತ್ತೆ ಬೇಕಾದರೂ ಓಡಿಸುತ್ತದೆ, ಲಮಾರಾ ಚಿಕ್ಕಮ್ಮ.
ಬಣ್ಣ ಬಯಲಾಗುವುದು ರಿವರ್ಸಿನಲ್ಲಿ.’

ಮೊನ್ನೆ ಸೊಲೊಲಾಕಿಯ ಏರಿನಲ್ಲಿ
ಎದುರಿಗೆ ರಸ್ತೆಯೇ ಇಲ್ಲ. ನೀರಿನ ಪೈಪಿಗೆಂದು ಅಗೆದ ಹೊಂಡ,
ಹೊಂಡದೊಳಗೊಬ್ಬ ಸಿಗರೇಟು ಹಚ್ಚಿಕೊಂಡು ಕೂತಿದ್ದ.
ಹಿಂದಿನ ಸೀಟಿನ ತುಂಬ ಹೋಟೆಲಿಗೆ ಒಯ್ಯುವ ಚೀಸಿನ ಬೋಗುಣಿ,
ಒಳಗನ್ನಡಿಯಲ್ಲಿ ಬರೀ ಬಿಳಿ ಬಟ್ಟೆ.
ಅದರಾಚೆ ಮಿನಿಬಸ್ಸು, ಮಿನಿಬಸ್ಸಿನಾಚೆ ಟ್ಯಾಕ್ಸಿ,
ಟ್ಯಾಕ್ಸಿಯಾಚೆ ಹಾರ್ನು ಮಾತ್ರ.

ಸ್ಟೇರಿಂಗು ಪೂರ್ತಿ ಎಡಕ್ಕೆ. ಪಾದ ಬ್ರೇಕಿನ ಮೇಲೆ,
ಉಕ್ಕುವ ಹಾಲಿಗೆ ಉರಿ ತಗ್ಗಿಸುವಷ್ಟೇ ಸಡಿಲ.
ಗೋಚಾ ಕತ್ತು ಚಾಚಿ: ‘ಬರಲಿ... ಬರಲಿ... ನಿಲ್ಲು.’
ಎದುರುದಂಡೆಯ ಕಲ್ಲಿಗೂ ಕಾರಿನ ಮೂತಿಗೂ ಅರ್ಧ ಗೇಣು.
ಬೀದಿಗೆ ಅಡ್ಡಲಾಗಿ ನಾನು,
ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು.

ಬೀದಿಗೆ ಬೀದಿಯೇ ಟ್ರಾಫಿಕ್ ಪೊಲೀಸಾಯಿತು.
ಬಾಲ್ಕನಿಯಿಂದ ಬನಿಯನ್ನಿನ ಮುದುಕ ಎಡಕ್ಕೆ ಅಂದ,
ನೆಲಮಾಳಿಗೆಯ ರೊಟ್ಟಿಯಂಗಡಿಯವಳು
ಹಿಟ್ಟಿನ ಕೈ ಬೀಸಿ ಬಲಕ್ಕೆ ಅಂದಳು,
ಮಿನಿಬಸ್ಸಿನವ ಕಿಟಕಿಯಿಂದ ಅರ್ಧ ಹೊರಬಿದ್ದು
ಬಾ ಬಾ ಬಾ ಬಾ, ಕರುವನ್ನು ಕರೆದಂತೆ.
‘ಬೇಕಾದಷ್ಟು ಜಾಗವಿದೆ! ಹಿಂದೆಮುಂದೆ ನೋಡಬೇಡಮ್ಮ, ಬಿಡು!’

ಬಲಕ್ಕೆ ಪೂರ್ತಿ ತಿರುಗಿಸಿದ್ದೆ. ಗೇರು ರಿವರ್ಸಿನಲ್ಲಿತ್ತು.
ಎಡಗನ್ನಡಿ: ಗೋಡೆ.
ಬಲಗನ್ನಡಿ: ಗೋಡೆ, ಒಂದು ಸೈಕಲ್ಲು.
ಭುಜದ ಮೇಲಿಂದ: ಚೀಸು.
ನಡುವೆ ಕಂಬಳಿಯಷ್ಟಗಲ ಜಾಗ
ಯಾರ ಲೆಕ್ಕಕ್ಕೂ ಸಿಗದೆ ಉಳಿದಿತ್ತು.

ಹ್ಯಾಂಡ್‌ಬ್ರೇಕ್ ಎಳೆದೆ.
ಡ್ಯಾಶಿನ ಮೇಲಿದ್ದ ಹಳೇ ಕೈಗವಸು, ಯಾಕೋ, ತೊಟ್ಟು ಇಳಿದೆ.
ಹಾರ್ನುಗಳು ಒಂದರ ಮೇಲೊಂದು ಹತ್ತಿದವು.

ಹಿಂದಿನ ಚಕ್ರದಿಂದ ಒಂದೇ ಮಾರು.
ಬಿಸಿಲು ಕಾಯುತ್ತ ಮಲಗಿತ್ತು ನಾಯಿ,
ಕಿವಿಗೆ ಹಳದಿ ಬಿಲ್ಲೆ.
ಎಬ್ಬಿಸಿದೆ. ಏಳಲಿಲ್ಲ. ಇನ್ನೊಮ್ಮೆ ಎಬ್ಬಿಸಿದೆ.
ಎದ್ದು, ಮೈಮುರಿದು, ಕೈಗವಸು ಮೂಸಿ,
ಮೂರು ಹೆಜ್ಜೆ ಆಚೆ ಹೋಗಿ ಮತ್ತೆ ಉರುಳಿಕೊಂಡಿತು.
ಮುದುಕ ಸುಮ್ಮನಾದ. ಮಿನಿಬಸ್ಸಿನವನ ಕೈ
ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತು
ಕಿವಿ ತುರಿಸಿಕೊಂಡಿತು.

ಗೋಚಾ ಇಳಿದು ಹೋಗಿ ಬಲಗನ್ನಡಿಯೊಳಗೆ ನಿಂತುಕೊಂಡ,
ಒಂದು ಕಾಲು ನಾಯಿಗೆ ಅಡ್ಡ.
ಗೇಣು ಹಿಂದೆ. ತಡೆ. ಗೇಣು ಹಿಂದೆ.
ಮತ್ತೆ ಎಡಕ್ಕೆ ತಿರುಚಿ, ಇಳಿಜಾರಿಗೆ ಮೂತಿ ಮಾಡಿ
ಅವನನ್ನು ಹತ್ತಿಸಿಕೊಂಡೆ.
ಕನ್ನಡಿ ಮಡಚಿ ಮಿನಿಬಸ್ಸಿನ ಪಕ್ಕ ತೂರಿಕೊಳ್ಳುವಾಗ
ಅವನು ಬಗ್ಗಿ ನೋಡಿ ಕೇಳಿದ: ‘ಕಿಲೋ ಎಷ್ಟು?’

ಕೆಳಗಿನ ತಿರುವಿನಲ್ಲಿ, ಹಳೇ ಚಾಳಿ,
ಕೊಂಬು ತಂತಿಯಲ್ಲೇ ಇದೆಯೇ ಎಂದು ಕತ್ತೆತ್ತಿದೆ.
ಈ ಕಿಟಕಿಯಿಂದ ಆ ಕಿಟಕಿಗೆ ಯಾರದೋ ಬಟ್ಟೆ ಒಣಗುತ್ತಿತ್ತು.
‘ರಸ್ತೆ ನೋಡು, ಚಿಕ್ಕಮ್ಮ,’ ಅಂದ ಗೋಚಾ.
ಹಿಂದಿನ ಬೋಗುಣಿಯಿಂದ ಚೆಲ್ಲಿದ ಹುಳಿನೀರು
ಸೀಟಿನಡಿ ಹರಿದು
ನನ್ನ ಹಿಮ್ಮಡಿಯ ತನಕ ಬಂದಿತ್ತು.